ತನಗಷ್ಟೇ ಕೇಳುವ ಸಂಗೀತ

ಸಂಗೀತವನ್ನು ಅಭ್ಯಾಸಮಾಡುವವರಿಗೆ ಗುರುಗಳು ಇಬ್ಬರು. ಎದುರಿಗೆ ಕುಳಿತು ತಿದ್ದುವವರು ಒಬ್ಬರು. ತನ್ನ ಕಿವಿಯೇ ಇನ್ನೊಬ್ಬರು. ಮೊದಲನೆಯ ಗುರು ವಾರಕ್ಕೆ ಎರಡು ಗಂಟೆ ದೊರೆತರೆ ಅದೇ ಭಾಗ್ಯ. ಎರಡನೆಯವರು ಹಗಲಿರುಳೂ ಜೊತೆಯಲ್ಲಿಯೇ ಇರುತ್ತಾರೆ. ಹಳೆಯ ವಾದ್ಯಗಳಲ್ಲಿ ಈ ಎರಡನೆಯ ಗುರುವಿಗೂ ವಾದ್ಯಕ್ಕೂ ನಡುವೆ ಗಾಳಿಯೊಂದರ ಹೊರತು ಬೇರೇನೂ ಇರಲಿಲ್ಲ. ವೀಣೆಯ ತಂತಿಯನ್ನು ಮೀಟಿದರೆ ಅದರ ಕೊಡವೇ ನಾದವನ್ನು ಹೊರಗೆ ಕಳುಹಿಸುತ್ತಿತ್ತು. ಹಾರ್ಮೋನಿಯಮ್ಮಿನ ತಿದಿಯನ್ನು ಒತ್ತಿದರೆ ಒಳಗಿನ ರೀಡು ತಾನೇ ನುಡಿಯುತ್ತಿತ್ತು. ಸಿಂಥಸೈಸರ್ ಎಂಬ ಕೀಬೋರ್ಡ್ ವಾದ್ಯದ ಸಂಗತಿ ಹಾಗಲ್ಲ. ಅದರ ಒಡಲಿನಲ್ಲಿ ಹುಟ್ಟುವುದು ವಿದ್ಯುತ್ತಿನ ಅಲೆ. ಆ ಅಲೆಯನ್ನು ಗಾಳಿಯ ಅಲೆಯನ್ನಾಗಿ ಮಾಡಿಕೊಡುವುದಕ್ಕೆ ಮಧ್ಯಸ್ಥನೊಬ್ಬನು ಬೇಕು. ಅವನು ಸ್ಪೀಕರಾಗಬಹುದು, ಹೆಡ್‌ಫೋನಾಗಬಹುದು. ಮಧ್ಯಸ್ಥನು ಸುಳ್ಳಾಡಿದರೆ ಕಿವಿ ಅದನ್ನೇ ನಿಜವೆಂದು ನಂಬುತ್ತದೆ. ಕಿವಿ ನಂಬಿದುದನ್ನು ಬೆರಳು ಆಚರಿಸುತ್ತದೆ. ಆದುದರಿಂದ ಕೀಬೋರ್ಡನ್ನು ಆರಿಸುವುದಕ್ಕೆ ತೋರಿಸುವ ಎಚ್ಚರದಲ್ಲಿ ಅರ್ಧವನ್ನಾದರೂ ಹೆಡ್‌ಫೋನನ್ನು ಆರಿಸುವುದಕ್ಕೆ ತೋರಿಸತಕ್ಕದ್ದು.

ಬೈರಕೂರಿನಂಥ ಊರಿನಲ್ಲಿ ಕುಳಿತು ಇಂಥ ವಿಚಾರವನ್ನು ಬರೆಯುವುದು ಕೆಲವರಿಗೆ ವಿನೋದವಾಗಿ ಕಂಡೀತು. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ; ಆಂಧ್ರದ ಗಡಿ ದೂರವಲ್ಲ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿನಲ್ಲಿ ಕೆರೆ, ಕೊಳವೆಬಾವಿ, ಟೊಮೇಟೊ ಧಾರಣೆ, ಹಾಲಿನ ಡೈರಿ, ಇವೇ ಜನರ ಮಾತು. ಆದರೆ ಈ ಸೀಮೆಗೆ ಸಂಗೀತ ಹೊಸತೇನೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದ ಶ್ರೀಪಾದರಾಜರ ಬೃಂದಾವನ ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿಯೇ ಇದೆ. ತಂಬೂರಿ ತಾಳಗಳ ಜೊತೆಗೆ ಕಾಲಾನಂತರದಲ್ಲಿ ಹಾರ್ಮೋನಿಯಂ ಬಂದು ಸೇರಿತು. ಈಗ ಭಜನೆಯ ಮನೆಯಲ್ಲಿಯೂ, ಚರ್ಚಿನ ಪ್ರಾರ್ಥನೆಯಲ್ಲಿಯೂ, ಊರಹಬ್ಬದ ಆರ್ಕೆಸ್ಟ್ರಾದಲ್ಲಿಯೂ ಕೀಬೋರ್ಡು ತನ್ನ ಸ್ಥಾನವನ್ನು ಪಡೆದಿದೆ. ವಾದ್ಯ ಬಂದ ಮೇಲೆ ಅದನ್ನು ಕಲಿಯುವ ಮಕ್ಕಳೂ ಬಂದರು. ಮಕ್ಕಳು ಬಂದರೆಂದರೆ ಅಭ್ಯಾಸಕ್ಕೆ ಹೊತ್ತು ಯಾವುದು, ಸ್ಥಳ ಯಾವುದು ಎಂಬ ಪ್ರಶ್ನೆಯೂ ಬಂದೇ ಬರುತ್ತದೆ.

ಕಿವಿಗೆ ಹಚ್ಚಿಕೊಂಡು ಕೇಳುವ ಸಾಧನ ನಿನ್ನೆ ಮೊನ್ನೆಯದಲ್ಲ. ೧೯೧೦ರ ಸುಮಾರಿನಲ್ಲಿ ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಮನೆಯ ಅಡುಗೆಯ ಕೋಣೆಯಲ್ಲಿಯೇ ಹೆಡ್‌ಫೋನುಗಳನ್ನು ತಯಾರಿಸಿ ಅಲ್ಲಿಯ ನೌಕಾಪಡೆಗೆ ಒದಗಿಸಿದನು. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದು ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಲ್ಲುವಂತೆ ಮಾಡಿದರು. ರೇಡಿಯೋದ ಆ ಮೊದಲ ದಶಕಗಳಲ್ಲಿ ಸ್ಫಟಿಕದ ಸಣ್ಣ ರೇಡಿಯೋಗಳನ್ನು ಇಟ್ಟುಕೊಂಡವರಿಗೆ ಹೆಡ್‌ಫೋನಿನ ಹೊರತು ಬೇರೆ ಗತಿಯಿರಲಿಲ್ಲ. ಆದರೆ ಅದು ಸುದ್ದಿಯನ್ನು, ಮಾತನ್ನು ಕೇಳಿಸಿದರೆ ಸಾಕಾಗಿದ್ದ ಕಾಲ. ೧೯೫೮ರಲ್ಲಿ ಜಾನ್ ಕಾಸ್ ಎಂಬಾತನು ಎರಡು ಕಿವಿಗೂ ಬೇರೆಬೇರೆ ನಾದವನ್ನು ಕೊಡುವ ಸ್ಟೀರಿಯೋ ಹೆಡ್‌ಫೋನನ್ನು ಹೊರತಂದ ಮೇಲೆ ಅದು ಸಂಗೀತದ ಸಾಧನವಾಯಿತು. ೧೯೬೮ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಬೆನ್ನು ತೆರೆದ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅತ್ತ ೧೯೬೪ರಲ್ಲಿ ರಾಬರ್ಟ್ ಮೂಗ್ ಕಟ್ಟಿದ ಸಿಂಥಸೈಸರ್, ೧೯೮೩ರ ಯಮಾಹಾ ಡಿಎಕ್ಸ್-೭ರ ಹೊತ್ತಿಗೆ ಒಬ್ಬನು ಹೊತ್ತುಕೊಂಡು ಹೋಗಬಹುದಾದ ವಾದ್ಯವಾಗಿತ್ತು. ಇವೆರಡೂ ಕೂಡಿದ ಮೇಲೆ, ವಾದ್ಯವನ್ನು ನುಡಿಸಿದರೂ ಪಕ್ಕದವರಿಗೆ ಕೇಳಿಸದಿರುವ ಒಂದು ವಿಚಿತ್ರ ಸೌಲಭ್ಯ ಮನುಷ್ಯನಿಗೆ ಒದಗಿತು.

ಈ ಸೌಲಭ್ಯದ ಬೆಲೆ ಏನೆಂಬುದು ನನಗೆ ಮನದಟ್ಟಾದದ್ದು ನಮ್ಮ ಕಡೆಯ ಒಬ್ಬ ವಿದ್ಯಾರ್ಥಿನಿಯಿಂದ. ತಂದೆ ಟೊಮೇಟೊ ಬೆಳೆಯುವ ರೈತ. ಮನೆಯಲ್ಲಿ ಒಂದು ನಡುಮನೆ, ಒಂದು ಅಡುಗೆಮನೆ. ಮೂಲೆಯಲ್ಲಿ ಮಲಗಿರುವ ಅಜ್ಜಿ, ತೊಟ್ಟಿಲಲ್ಲಿ ಬಾಣಂತನಕ್ಕೆ ಬಂದ ಅಕ್ಕನ ಮಗು. ಶಾಲೆ, ತೋಟ, ಹಸುವಿನ ಹಾಲು ಎಲ್ಲ ಮುಗಿದು ಹುಡುಗಿಗೆ ಬಿಡುವಾಗುವುದು ರಾತ್ರಿ ಒಂಬತ್ತರ ಮೇಲೆ. ಪಂಪಿಗೆ ಬೇಕಾದ ಮೂರು ಫೇಸಿನ ಕರೆಂಟು ರಾತ್ರಿ ಬರುವ ದಿನಗಳಲ್ಲಂತೂ ಮನೆಯವರು ಅದಕ್ಕಾಗಿ ಕಾಯುತ್ತ ಎಚ್ಚರವಾಗಿಯೇ ಇರಬೇಕು. ಆ ಕಾಯುವ ಹೊತ್ತೇ ಅವಳ ಸಾಧನೆಯ ಹೊತ್ತು. ಕೀಬೋರ್ಡು ಯಾರೋ ಬಳಸಿ ಕೊಟ್ಟದ್ದು. ಅದರ ಸ್ಪೀಕರಿನಿಂದ ನಾದ ಹೊರಟರೆ ಮಗು ಏಳುತ್ತದೆ. ಮಗು ಎದ್ದರೆ ಮನೆಯೆಲ್ಲ ಏಳುತ್ತದೆ. “ಸದ್ದಿಲ್ಲದೆ ಬಾರಿಸುವುದಾದರೆ ಬಾರಿಸು, ಇಲ್ಲದಿದ್ದರೆ ಮಾರಿಬಿಡೋಣ” ಎಂದು ತಂದೆ ಹೇಳಿದ್ದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಏಳುವವನ ದಣಿವು ಇತ್ತು. ಬೆಂಗಳೂರಿನಲ್ಲಿದ್ದ ಅಣ್ಣನು ತನ್ನ ತಂತಿಯಿಲ್ಲದ ಹೆಡ್‌ಫೋನನ್ನೂ, ಅದಕ್ಕೆ ನಾದವನ್ನು ಕಳುಹಿಸುವಂತೆ ಕೀಬೋರ್ಡಿಗೆ ಸಿಕ್ಕಿಸುವ ಸಣ್ಣದೊಂದು ಬ್ಲೂಟೂತ್ ಯಂತ್ರವನ್ನೂ ತಂದುಕೊಟ್ಟನು. ಮನೆ ಶಾಂತವಾಯಿತು.

ಎರಡು ವಾರ ಕಳೆದ ಮೇಲೆ ಹುಡುಗಿ ನನ್ನಲ್ಲಿಗೆ ಬಂದಳು. “ಸಾರ್, ನನಗೆ ಲಯವೇ ಇಲ್ಲ. ತಾಳ ಒಂದು ಕಡೆ, ಕೈ ಒಂದು ಕಡೆ. ಎಷ್ಟು ಸಾರಿ ಮಾಡಿದರೂ ಹಾಗೇ. ಇನ್ನು ಸಾಕು” ಎಂದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ; ತೀರ್ಮಾನವಿತ್ತು. ಅದೇ ನನಗೆ ಹೆಚ್ಚು ಕಳವಳವನ್ನುಂಟುಮಾಡಿತು. “ಕೈಯಲ್ಲಿ ತಾಳ ಹಾಕಿಕೊಂಡು ಸರಳೆವರಿಸೆ ಹಾಡಮ್ಮಾ” ಎಂದೆ. ಹಾಡಿದಳು, ಮೂರು ಕಾಲದಲ್ಲಿಯೂ ಕೂದಲೆಳೆಯಷ್ಟು ತಪ್ಪಲಿಲ್ಲ. ಕೀಬೋರ್ಡನ್ನೂ ಅದರ ಸಲಕರಣೆಯನ್ನೂ ತರಿಸಿ, ಹೆಡ್‌ಫೋನನ್ನು ನಾನೇ ಹಾಕಿಕೊಂಡು ಒಂದು ಮನೆಯನ್ನು ಒತ್ತಿದೆ. ಬೆರಳು ಕೆಳಗಿಳಿದು ನಿಂತ ಮೇಲೆ, ಯಾರೋ ನೆನಪು ಮಾಡಿಕೊಟ್ಟಂತೆ, ನಾದ ಬಂತು. ದೋಷ ಹುಡುಗಿಯ ಕೈಯದಾಗಿರಲಿಲ್ಲ.

ಈ ವಿಳಂಬದ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನು ನಾದವನ್ನು ಅಂಕಿಗಳಾಗಿ ಕಟ್ಟಿ, ಕಳುಹಿಸಿ, ಮತ್ತೆ ಬಿಚ್ಚಿ ಕೇಳಿಸುವುದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲನ್ನು, ಎಂದರೆ ೨೦೦ ಮಿಲಿಸೆಕೆಂಡುಗಳಷ್ಟನ್ನು, ತೆಗೆದುಕೊಳ್ಳುವುದು ಸಾಮಾನ್ಯ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೩೪೩ ಮೀಟರ್ ಸಾಗುತ್ತದೆ. ಆದುದರಿಂದ ಇದು ೬೮ ಮೀಟರ್ ಆಚೆ ಇಟ್ಟ ವಾದ್ಯವನ್ನು ನುಡಿಸಿದಂತೆ. ಕೆರೆಯ ಏರಿಯ ಒಂದು ತುದಿಯಲ್ಲಿ ಬೆರಳು, ಬಹುದೂರದಲ್ಲಿ ನಾದ! ಸೆಕೆಂಡಿಗೊಂದು ತಾಳದ ಪೆಟ್ಟು, ಪೆಟ್ಟಿಗೆ ನಾಲ್ಕು ಸ್ವರ ಎಂದಿಟ್ಟುಕೊಂಡರೆ ಒಂದೊಂದು ಸ್ವರಕ್ಕೆ ೨೫೦ ಮಿಲಿಸೆಕೆಂಡು. ೨೦೦ ಮಿಲಿಸೆಕೆಂಡು ತಡವೆಂದರೆ ಹೆಚ್ಚುಕಡಮೆ ಒಂದು ಸ್ವರವೇ ಹಿಂದೆ ಬಿದ್ದಂತಾಯಿತು. ಕೀಬೋರ್ಡಿನೊಳಗಿನ ಮೆಟ್ರೊನೋಮಿನ ತಾಳವೂ ತಡವಾಗಿಯೇ ಕೇಳಿಸುವುದರಿಂದ ಎರಡೂ ಸರಿಹೋಗುವುವಲ್ಲವೆ ಎಂದು ಕೇಳುವವರುಂಟು. ಇಲ್ಲ, ಕಲಿಯುವವಳು ತಡವಾಗಿ ಕೇಳಿದ ತಾಳಕ್ಕೆ ಬೆರಳನ್ನು ಇಳಿಸುತ್ತಾಳೆ, ಆ ಬೆರಳಿನ ನಾದ ಮತ್ತೆ ಅಷ್ಟೇ ತಡವಾಗಿ ಬರುತ್ತದೆ. ಎಷ್ಟು ಎಚ್ಚರದಿಂದ ನುಡಿಸಿದರೂ ಅವಳು ಹಿಂದೆಯೇ. ಹಾಡು ಕೇಳುವುದಕ್ಕೆ ಈ ತಡ ಲೆಕ್ಕಕ್ಕಿಲ್ಲ, ನುಡಿಸುವುದಕ್ಕೆ ಅದು ಸಲ್ಲದು. ಇನ್ನು, ಬ್ಲೂಟೂತ್ ಇದೆಯೆಂದು ಹೇಳಿಕೊಳ್ಳುವ ಎಷ್ಟೋ ಕೀಬೋರ್ಡುಗಳು ಫೋನಿನಿಂದ ಹಾಡನ್ನು ಬರಮಾಡಿಕೊಳ್ಳಬಲ್ಲವೇ ಹೊರತು ಹೆಡ್‌ಫೋನಿಗೆ ನಾದವನ್ನು ಕಳುಹಿಸಲಾರವು. ಆದುದರಿಂದ ಮೊದಲನೆಯ ನಿಯಮ: ವಾದ್ಯಕ್ಕೆ ತಂತಿಯ ಹೆಡ್‌ಫೋನೇ ಆಗಬೇಕು.

ಎರಡನೆಯ ಆಯ್ಕೆ ಬೆನ್ನಿನದು. ಬೆನ್ನು ಮುಚ್ಚಿದ ಹೆಡ್‌ಫೋನು ಒಳಗಿನ ನಾದವನ್ನು ಒಳಗೂ ಹೊರಗಿನ ಸದ್ದನ್ನು ಹೊರಗೂ ಬಹುಮಟ್ಟಿಗೆ ತಡೆಯುತ್ತದೆ. ಬೆನ್ನು ತೆರೆದದ್ದು ನಾದಕ್ಕೆ ಬಯಲಿನ ವಿಸ್ತಾರವನ್ನು ಕೊಡುತ್ತದೆ. ಗಂಟೆಗಟ್ಟಲೆ ಹಾಕಿಕೊಂಡರೂ ಕಿವಿ ಬೇಯುವುದಿಲ್ಲ, ತಲೆಯೊಳಗೆ ಯಾರೋ ಬಾರಿಸುತ್ತಿರುವಂಥ ಭ್ರಮೆ ಕಡಮೆ. ಆದರೆ ಪಕ್ಕದಲ್ಲಿ ಮಲಗಿರುವವರಿಗೆ ಸೊಳ್ಳೆಯ ಗುಂಯಿಗುಟ್ಟುವಿಕೆಯಂತೆ ಸಂಗೀತವೆಲ್ಲವೂ ಕೇಳಿಸುತ್ತದೆ. ಪ್ರತ್ಯೇಕ ಕೋಣೆಯುಳ್ಳವರಿಗೆ ತೆರೆದದ್ದು ಸೊಗಸು. ನಡುಮನೆಯೊಂದೇ ಇರುವವರಿಗೆ ಮುಚ್ಚಿದ್ದೇ ಗತಿ. ಇವೆರಡರ ನಡುವಣ ಅರೆತೆರೆದ ಮಾದರಿಯೂ ಉಂಟು; ಎಕೆಜಿ ಸಂಸ್ಥೆಯ ಕೆ-೨೪೦ ಆ ಜಾತಿಯದು.

ಮೂರನೆಯದು ಸತ್ಯ. ಅಂಗಡಿಯಲ್ಲಿ ಥಳಥಳಿಸುವ ಎಷ್ಟೋ ಹೆಡ್‌ಫೋನುಗಳು ಸಿನಿಮಾ ಹಾಡು ಗುಂಡಾಗಿ ಕೇಳಿಸಲೆಂದು ಮಂದ್ರವನ್ನು ಬೇಕೆಂದೇ ಉಬ್ಬಿಸುತ್ತವೆ. ಅದು ಅಡುಗೆಗೆ ಒಗ್ಗರಣೆ ಹೆಚ್ಚು ಹಾಕಿದಂತೆ. ತಿನ್ನುವವನಿಗೆ ರುಚಿಸಬಹುದು, ಅಡುಗೆ ಕಲಿಯುವವನಿಗೆ ಉಪ್ಪು ಸರಿಯಾಗಿದೆಯೇ ಎಂಬುದು ತಿಳಿಯದು. ಅಂಥದನ್ನು ಹಾಕಿಕೊಂಡು ಸಿಂಥಸೈಸರಿನಲ್ಲಿ ನಾದವನ್ನು ಹದಮಾಡುವವನು ಮಂದ್ರ ಹೆಚ್ಚಾಯಿತೆಂದು ತಗ್ಗಿಸುತ್ತಾನೆ. ಅದೇ ನಾದ ವೇದಿಕೆಯ ಸ್ಪೀಕರಿಗೆ ಹೋದಾಗ ಬಡಕಲಾಗಿ ಕೇಳುತ್ತದೆ. ೬೧ ಮನೆಗಳ ಕೀಬೋರ್ಡಿನಲ್ಲಿ ಕೆಳಗಿನ ತುದಿಯ ಸ್ವರ ಸೆಕೆಂಡಿಗೆ ಸುಮಾರು ೬೫ ಕಂಪನ, ಮೇಲಿನ ತುದಿಯದು ಸುಮಾರು ೨೦೯೩. ಪಿಯಾನೊದಂತೆ ೮೮ ಮನೆಗಳಿದ್ದರೆ ೨೭.೫ರಿಂದ ೪೧೮೬. ಸ್ವರಕ್ಕೆ ಬಣ್ಣವನ್ನು ಕೊಡುವ ಉಪಸ್ವರಗಳು ಇನ್ನೂ ಮೇಲಕ್ಕೆ ಹೋಗುತ್ತವೆ. ಇವನ್ನೆಲ್ಲ ಪಕ್ಷಪಾತವಿಲ್ಲದೆ ಕೇಳಿಸತಕ್ಕ ಹೆಡ್‌ಫೋನಿಗೆ ಮಾನಿಟರ್ ಎಂದು ಹೆಸರು. ೧೯೯೧ರಲ್ಲಿ ಬಂದ ಸೋನಿಯ ಎಂಡಿಆರ್-೭೫೦೬, ಬೇಯರ್‌ಡೈನಾಮಿಕ್ಕಿನ ಡಿಟಿ-೭೭೦, ಸೆನ್‌ಹೈಸರಿನ ಎಚ್‌ಡಿ-೨೮೦, ಆಡಿಯೊ-ಟೆಕ್ನಿಕಾದ ಎಂ ಸರಣಿಯವು ಸ್ಟುಡಿಯೋಗಳಲ್ಲಿ ಹೆಸರು ಪಡೆದ ಮುಚ್ಚಿದ ಮಾದರಿಗಳು. ಹೆಸರಿಗಿಂತ ಪರೀಕ್ಷೆ ಮುಖ್ಯ: ಕೆಳಗಿನ ಮನೆಯಿಂದ ಮೇಲಿನ ಮನೆಯವರೆಗೆ ಒಂದೇ ಒತ್ತಿನಲ್ಲಿ ನಿಧಾನವಾಗಿ ನುಡಿಸುತ್ತ ಹೋಗಿರಿ. ಯಾವುದಾದರೂ ಸ್ವರ ಗುಂಪಿನಿಂದ ಮುಂದಕ್ಕೆ ನುಗ್ಗಿದರೆ, ಯಾವುದಾದರೂ ಹಿಂದೆ ಅಡಗಿಕೊಂಡರೆ, ಬೇರೊಂದು ಹೆಡ್‌ಫೋನಿನಲ್ಲಿಯೂ ಅದನ್ನೇ ನುಡಿಸಿ ನೋಡಿರಿ. ದೋಷ ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಅದು ವಾದ್ಯದ ದೋಷವಲ್ಲ.

ನಾಲ್ಕನೆಯದು ಓಮ್ ಎಂಬ ಅಳತೆ. ಇದು ಪ್ರಣವವಲ್ಲ, ವಿದ್ಯುತ್ತಿನ ಹರಿವಿಗೆ ಹೆಡ್‌ಫೋನು ಒಡ್ಡುವ ತಡೆ. ೩೨ ಓಮಿನ ಹೆಡ್‌ಫೋನಿಗೆ ಒಂದು ಮಿಲಿವ್ಯಾಟ್ ಶಕ್ತಿಯನ್ನು ಕೊಡುವುದಕ್ಕೆ ಸುಮಾರು ೦.೧೮ ವೋಲ್ಟು ಸಾಕು. ೨೫೦ ಓಮಿನದಕ್ಕೆ ಅರ್ಧ ವೋಲ್ಟು ಬೇಕು, ಎಂದರೆ ಮೂರರಷ್ಟಕ್ಕೆ ಸಮೀಪ. ಸಣ್ಣ ಕೀಬೋರ್ಡಿಗೆ ಹೆಚ್ಚು ಓಮಿನ ಹೆಡ್‌ಫೋನನ್ನು ಸಿಕ್ಕಿಸಿದರೆ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ನಾದ ಸೊರಗಿರಬಹುದು. ಹಾಗೆಂದು ತೀರ ಕಡಮೆಯದೂ ಎಲ್ಲೆಡೆಯಲ್ಲಿಯೂ ಹಿತವಲ್ಲ. ಕೆಲವು ವಾದ್ಯಗಳ ಹೆಡ್‌ಫೋನ್ ಬಾಯಿಯಲ್ಲಿಯೇ ಸ್ವಲ್ಪ ತಡೆ ಇರುವುದರಿಂದ ನಾದದ ಬಣ್ಣ ಬದಲಾಗಬಹುದು. ಸ್ಟುಡಿಯೋದವರು ೨೫೦ ಓಮಿನದನ್ನು ಹೊಗಳಿದರೆಂದು ಅದನ್ನೇ ಬಯಸಬೇಕಾಗಿಲ್ಲ. ಮೊದಲಿಗೆ ೩೨ರಿಂದ ೮೦ ಓಮಿನವರೆಗಿನದು ನಮ್ಮಂಥವರಿಗೆ ಸಾಕು.

ಇನ್ನು ಸಣ್ಣವೆಂದು ಕಾಣುವ ಕೆಲವು ಸಂಗತಿಗಳು. ವಾದ್ಯದ ಬಾಯಿ ಕಾಲಂಗುಲದ್ದೋ, ೩.೫ ಮಿಲಿಮೀಟರಿನದ್ದೋ ನೋಡಿಕೊಂಡು ಅದಕ್ಕೆ ತಕ್ಕ ಅಡಾಪ್ಟರನ್ನು ಕೊಳ್ಳಬೇಕು. ಅದು ಸ್ಟೀರಿಯೋ ಆಗಿರದಿದ್ದರೆ ಒಂದೇ ಕಿವಿಯಲ್ಲಿ ನಾದ ಕೇಳಿಸೀತು. ಮೈಕುಳ್ಳ ಫೋನಿನ ಹೆಡ್‌ಸೆಟ್ಟಿನ ಪಿನ್ನಿಗೆ ಒಂದು ಸುತ್ತು ಹೆಚ್ಚಾಗಿರುವುದರಿಂದ ಕೆಲವು ವಾದ್ಯಗಳಲ್ಲಿ ಅದು ಸರಿಯಾಗಿ ಕೂರದು. ತಂತಿಯೂ ಕಿವಿಯ ಮೆತ್ತೆಯೂ ಬೇರೆಯಾಗಿ ದೊರೆಯುವಂಥದಾದರೆ ಒಂದು ಹೆಡ್‌ಫೋನು ಅನೇಕ ವರ್ಷ ಬಾಳುತ್ತದೆ. ಇಲ್ಲವಾದರೆ ತಂತಿಯೊಂದು ತುಂಡಾದುದಕ್ಕೆ ಎಲ್ಲವನ್ನೂ ಎಸೆಯಬೇಕಾದೀತು. ಚರ್ಮದಂಥ ಮೆತ್ತೆ ನಮ್ಮ ಬೇಸಗೆಯಲ್ಲಿ ಬೆವರುತ್ತದೆ, ಬಟ್ಟೆಯ ಮೆತ್ತೆ ತಂಪು. ಕನ್ನಡಕ ಹಾಕುವವರು ಕನ್ನಡಕವನ್ನು ಹಾಕಿಕೊಂಡೇ ಪರೀಕ್ಷಿಸಬೇಕು. ಅದರ ಕಡ್ಡಿ ಮೆತ್ತೆಯನ್ನು ಸ್ವಲ್ಪ ಎತ್ತಿ ಹಿಡಿದರೂ ಮಂದ್ರ ಸೋರಿಹೋಗುತ್ತದೆ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳ ಸಂದಣಿಯಲ್ಲಿ ಇಷ್ಟೆಲ್ಲ ವಿಚಾರಿಸುವಷ್ಟು ವ್ಯವಧಾನ ಯಾರಿಗಿದೆ ಎನ್ನಬಹುದು. ಅರ್ಧ ಗಂಟೆ ಹಾಕಿಕೊಂಡು ಕೂರುವುದಕ್ಕೆ ಬಿಡದ ಅಂಗಡಿಯಿಂದ ಎದ್ದು ಬರುವ ಸ್ವಾತಂತ್ರ್ಯ ಕೊಳ್ಳುವವನಿಗೆ ಇದ್ದೇ ಇದೆ.

ನಮ್ಮ ಸಂಗೀತಕ್ಕೆ ಇನ್ನೊಂದು ವಿಶೇಷ ಪ್ರಯೋಜನ ಉಂಟು. ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ೧೯೭೧ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಮನೆಯಿಂದ ಮನೆಗೆ ನೆಗೆಯುವ ವಾದ್ಯದಲ್ಲಿ ಗಮಕ ಹುಟ್ಟದೆಂಬುದು ಅಂದಿನ ದೊಡ್ಡ ಆಕ್ಷೇಪಣೆಗಳಲ್ಲೊಂದು. ಸಿಂಥಸೈಸರಿನ ಎಡಗಡೆಯ ಪಿಚ್ ಬೆಂಡ್ ಚಕ್ರ ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬುತ್ತದೆ. ಆದರೆ ತೋಡಿಯ ಗಾಂಧಾರದ ತೂಗಾಟ ಎಲ್ಲಿಂದ ಹೊರಟು ಎಲ್ಲಿ ಹಿಂದಿರುಗಬೇಕೆಂಬ ಸೂಕ್ಷ್ಮ, ವಾದ್ಯದ ಸಣ್ಣ ಸ್ಪೀಕರಿನಲ್ಲಿ, ಮನೆಯ ಗಲಾಟೆಯ ನಡುವೆ, ಕಲಿಯುವವನಿಗೆ ಸುಲಭವಾಗಿ ಗೋಚರಿಸದು. ಒಳ್ಳೆಯ ಹೆಡ್‌ಫೋನಿನಲ್ಲಿ ಅದು ಭೂತಗನ್ನಡಿಯ ಕೆಳಗಿನ ಅಕ್ಷರದಂತೆ ಕಾಣುತ್ತದೆ. ತಪ್ಪೂ ಹಾಗೆಯೇ ಕಾಣುತ್ತದೆ. ಅದೇ ಅದರ ಉಪಕಾರ.

ಇಷ್ಟು ಹತ್ತಿರ ಬಂದ ನಾದದಿಂದ ಅಪಾಯವೂ ಅಷ್ಟೇ ಹತ್ತಿರ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು ೧೫,೦೦೦. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ೮೫ ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ ೮ ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಪ್ರತಿ ೩ ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆಂದೂ ಕೆಲಸಗಾರರ ರಕ್ಷಣೆಗೆ ಅಮೆರಿಕದ ನಯಾಶ್ ಸಂಸ್ಥೆ ಹೇಳಿರುವ ನಿಯಮ. ಆ ಲೆಕ್ಕದಲ್ಲಿ ೯೪ಕ್ಕೆ ಒಂದು ಗಂಟೆ, ೧೦೦ಕ್ಕೆ ಕಾಲು ಗಂಟೆ ಮಾತ್ರ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಇನ್ನೂ ಬಿಗಿ: ೭೫ ಡೆಸಿಬೆಲ್, ವಾರಕ್ಕೆ ೪೦ ಗಂಟೆ. ಸಿಂಥಸೈಸರಿನಲ್ಲಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋದರೆ ಕೊಳಲು ಇದ್ದಕ್ಕಿದ್ದಂತೆ ಕಹಳೆಯಾಗಬಹುದು. ಆದುದರಿಂದ ಹೆಡ್‌ಫೋನನ್ನು ಸಿಕ್ಕಿಸುವ ಮೊದಲೂ, ನಾದವನ್ನು ಬದಲಿಸುವ ಮೊದಲೂ ವಾಲ್ಯೂಮನ್ನು ತಗ್ಗಿಸುವುದು ಅಭ್ಯಾಸವಾಗಬೇಕು. ನುಡಿಸಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ ಅದು ಎಚ್ಚರಿಕೆಯ ಗಂಟೆ. ಮುಚ್ಚಿದ ಹೆಡ್‌ಫೋನಿಗೆ ಇಲ್ಲಿ ಇನ್ನೊಂದು ಪುಣ್ಯವಿದೆ: ಹೊರಗಿನ ಗದ್ದಲ ತಗ್ಗುವುದರಿಂದ ಒಳಗಿನ ನಾದವನ್ನು ಏರಿಸಬೇಕೆನಿಸುವುದಿಲ್ಲ.

ಹೆಡ್‌ಫೋನು ಹೇಳಲಾರದ ಮಾತುಗಳೂ ಉಂಟು. ಅದರಲ್ಲಿ ಎಡಗಿವಿಗೆ ಎಡ, ಬಲಗಿವಿಗೆ ಬಲ ಎಂದು ಹಂಚಿ ಕೇಳುವ ಪಿಯಾನೊ, ಊರಿನ ಪೆಂಡಾಲಿನಲ್ಲಿ ಎರಡೂ ಒಂದಾಗಿ ಹಾರ್ನಿನಿಂದ ಹೊರಟಾಗ ಬೇರೆಯೇ ಆಗಿ ಕೇಳುತ್ತದೆ. ಮಂದ್ರವನ್ನಂತೂ ಹಾರ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಪಕ್ಕದಲ್ಲಿ ತಮಟೆ ಮೊಳಗುವಾಗ ತನ್ನ ನಾದವನ್ನು ಎಷ್ಟು ಏರಿಸಬೇಕು, ಹಾಡುವವರ ಉಸಿರಿಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಯಂತ್ರವೂ ಕಲಿಸದು. ಸಂಗೀತ ಕೊನೆಗೆ ಇನ್ನೊಬ್ಬರ ಕಿವಿಯನ್ನು ಮುಟ್ಟಬೇಕಾದದ್ದು. ವಾರಕ್ಕೊಂದು ದಿನವಾದರೂ ಹೆಡ್‌ಫೋನನ್ನು ತೆಗೆದಿಟ್ಟು ಭಜನೆಯ ಜನರ ನಡುವೆ ನುಡಿಸದವನು ತನ್ನ ತಲೆಯೊಳಗಿನ ಸಭೆಗೆ ಮಾತ್ರ ವಿದ್ವಾಂಸ.

ಆದರೂ ಆ ಸಭೆ ಬೇಕು. ನಮ್ಮ ಹಳ್ಳಿಯ ಮನೆಗಳಲ್ಲಿ ಹುಡುಗಿಯೊಬ್ಬಳಿಗೆ ತನ್ನದೆಂದು ಒಂದು ಕೋಣೆ ದೊರೆಯುವುದು ಕಷ್ಟ; ತನ್ನದೆಂದು ಒಂದು ಗಂಟೆ ದೊರೆಯುವುದು ಇನ್ನೂ ಕಷ್ಟ. ತಪ್ಪನ್ನು ನಾಲ್ಕು ಜನರ ಮುಂದೆ ಮಾಡದೆ, ನೂರು ಸಾರಿ ಒಂಟಿಯಾಗಿ ಮಾಡಿ ತಿದ್ದಿಕೊಳ್ಳುವ ಅವಕಾಶವನ್ನು ಎರಡು ಮೆತ್ತೆಗಳೂ ಒಂದು ತಂತಿಯೂ ಒದಗಿಸಿಕೊಡುತ್ತವೆ. ಸರಿಯಾದುದನ್ನು ಆರಿಸಿದರೆ ಅದು ಕೋಣೆಯಿಲ್ಲದವರ ಕೋಣೆ. ಸರಿಯಲ್ಲದುದನ್ನು ಆರಿಸಿದರೆ, ಲಯವುಳ್ಳ ಮಗುವಿಗೆ ನಿನಗೆ ಲಯವಿಲ್ಲವೆಂದು ದಿನವೂ ಕಿವಿಯಲ್ಲಿ ಹೇಳಿ ನಂಬಿಸಿಬಿಡುತ್ತದೆ. ಮಕ್ಕಳು ನನ್ನಿಂದಾಗದು ಎಂದು ವಾದ್ಯವನ್ನು ಮುಚ್ಚಿಡುವ ಮೊದಲು ತಂದೆತಾಯಿಗಳೂ ಉಪಾಧ್ಯಾಯರೂ ಒಂದು ಕೆಲಸ ಮಾಡಲಿ: ಆ ಹೆಡ್‌ಫೋನನ್ನು ತಮ್ಮ ಕಿವಿಗೆ ಹಾಕಿಕೊಂಡು, ಒಂದು ಮನೆಯನ್ನು ಒತ್ತಿ, ನಾದ ಬರುವವರೆಗೆ ಕಾಯಬೇಕಾಗುತ್ತದೆಯೇ ಎಂದು ನೋಡಲಿ.